ತರಬೇತಿ ಎಂದರೆ ಸಹಿ ಹಾಕಿ ಬರುವುದಲ್ಲ

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಸಮಾವೇಶದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಈ ಶುಭ ಸಂದರ್ಭದಲ್ಲಿ ತರಬೇತಿಯ ಮಹತ್ವ ಎಂಬ ವಿಷಯದ ಮೇಲೆ ಎರಡು ಮಾತು ಆಡಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾವು ಓದಿದ್ದು ಎಸ್‌ಎಸ್‌ಎಲ್‌ಸಿ. ಹಸು ಕಟ್ಟಿಕೊಂಡು, ಹೊಲ ಉತ್ತುಕೊಂಡು ಇರುವವರು. ಭಾಷಣದ ಭಾಷೆ ನಮ್ಮದಲ್ಲ. ಆದರೂ ಹೇಳಿದ್ದಾರೆ ಅಂದಮೇಲೆ ತಿಳಿದಷ್ಟು ಹೇಳುತ್ತೇವೆ. ತಾವು ಸಮಾಧಾನದಿಂದ ಕೇಳಬೇಕಾಗಿ ಪ್ರಾರ್ಥನೆ.

ನಿಜ ಹೇಳಬೇಕೆಂದರೆ ತರಬೇತಿಯ ಮಹತ್ವ ಗೊತ್ತಿಲ್ಲದವರು ಈ ಸಭೆಯಲ್ಲಿ ಯಾರೂ ಇಲ್ಲ. ತರಬೇತಿ ಬೇಡ ಅಂತ ಯಾರೂ ಅನ್ನುವುದಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಕೊಟ್ಟ ತರಬೇತಿ ಕೊಟ್ಟಿಗೆಯ ತನಕ ಬಂತೋ, ಸಭಾಂಗಣದಲ್ಲೇ ಉಳೀತೋ? ಅದನ್ನು ನೋಡೋದು ಹೇಗೆ? ಇವತ್ತು ಇದೊಂದೇ ವಿಷಯ ಮಾತಾಡುತ್ತೇವೆ.

ಸಹಕಾರಕ್ಕೂ ಕಲಿಕೆಗೂ ಹುಟ್ಟಿನಿಂದಲೇ ನಂಟು. ಇಂಗ್ಲೆಂಡಿನ ರೋಚ್‌ಡೇಲ್ ಎಂಬ ಊರಿನಲ್ಲಿ 1844ರಲ್ಲಿ ನೇಕಾರರು ಮೊದಲಾದ ದುಡಿಯುವ ಜನ ಕೂಡಿಕೊಂಡು ಒಂದು ಸಣ್ಣ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ ಮಾರುವ ಅಂಗಡಿ. ಆ ಬಡವರು ಮುಂದೆ ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ಸದಸ್ಯರ ಶಿಕ್ಷಣಕ್ಕೆಂದೇ ತೆಗೆದಿಟ್ಟರು. ನಮ್ಮ ನಾಡಿನಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘ ಹುಟ್ಟಿದ ಕಥೆ ತಮಗೆಲ್ಲ ಗೊತ್ತಿರುವುದೇ. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಸಹಕಾರದ ಏಳು ತತ್ವಗಳನ್ನು ಸಾರಿದಾಗ ಐದನೆಯ ತತ್ವವಾಗಿ ಶಿಕ್ಷಣ, ತರಬೇತಿ ಮತ್ತು ಮಾಹಿತಿಯನ್ನೇ ಇಟ್ಟಿತು. ಅಂದಮೇಲೆ ತರಬೇತಿ ನಮಗೆ ಅಲಂಕಾರದ ವಸ್ತುವಲ್ಲ. ಹಾಲಿನ ಕ್ಯಾನು, ತೂಕದ ಯಂತ್ರ ಹೇಗೋ ಇದೂ ಹಾಗೇ ಸಂಘದ ಸಾಮಾನು.

ಆದರೆ ಊರೂರಲ್ಲೂ ನಡೆಯುವ ತರಬೇತಿ ಹೇಗಿರುತ್ತೆ ನೋಡಿ. ಬೆಳಿಗ್ಗೆ ಹತ್ತಕ್ಕೆ ಅಂತ ಹೇಳಿ ಹನ್ನೊಂದೂವರೆಗೆ ಶುರು. ಪ್ರಾರ್ಥನೆ, ಸ್ವಾಗತ, ಹಾರ. ಆಮೇಲೆ ಒಬ್ಬರು ಸಾಹೇಬರು ಶುದ್ಧ ಹಾಲು ಉತ್ಪಾದನೆ, ಮೇವು, ರೋಗ, ವಿಮೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಪಾಪ, ಅವರ ತಪ್ಪಲ್ಲ, ಕೊಟ್ಟಿರೋ ಹೊತ್ತೇ ಅಷ್ಟು. ಮಧ್ಯಾಹ್ನ ಊಟ. ಊಟ ಆದಮೇಲೆ ಹಿಂದಿನ ಸಾಲು ಖಾಲಿ. ಕೊನೆಗೆ ಹಾಜರಿ ಪುಸ್ತಕಕ್ಕೆ ಸಹಿ, ಒಂದು ಫೋಟೋ, ಪ್ರಮಾಣಪತ್ರ. ವರದಿಯಲ್ಲಿ ಇಷ್ಟು ಮಂದಿಗೆ ತರಬೇತಿ ನೀಡಲಾಯಿತು ಅಂತ ಬರೀತಾರೆ. ಸ್ವಾಮಿ, ಹಸು ಪ್ರಮಾಣಪತ್ರ ಓದೋದಿಲ್ಲ. ಕೆಚ್ಚಲು ಬಾವು ಸಹಿ ನೋಡಿ ಹೆದರಿ ಓಡೋದಿಲ್ಲ.

ಹಾಗಾದರೆ ಲೆಕ್ಕ ಹೇಗೆ ಹಾಕಬೇಕು? ಅಮೆರಿಕದಲ್ಲಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಪ್ರಾಧ್ಯಾಪಕರು 1959ರಲ್ಲಿ ಇದಕ್ಕೆ ನಾಲ್ಕು ಮೆಟ್ಟಿಲು ಹೇಳಿದರು. ದೊಡ್ಡ ದೊಡ್ಡ ಕಂಪನಿಗಳು ಇವತ್ತಿಗೂ ಅದನ್ನೇ ಹಿಡಿದು ನಡೆಯುತ್ತವೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಮೊದಲನೆಯದು, ಬಂದವರಿಗೆ ಹಿಡಿಸಿತೇ? ಎರಡನೆಯದು, ಬಂದವರು ಕಲಿತರೇ? ಮೂರನೆಯದು, ಕಲಿತದ್ದನ್ನು ಕೆಲಸದಲ್ಲಿ ಮಾಡುತ್ತಿದ್ದಾರೆಯೇ? ನಾಲ್ಕನೆಯದು, ಮಾಡಿದ್ದರಿಂದ ಫಲ ಬಂತೇ?

ಕೆಚ್ಚಲು ಬಾವಿನ ತರಬೇತಿಯನ್ನೇ ತೆಗೆದುಕೊಳ್ಳಿ. ಚೆನ್ನಾಗಿ ಹೇಳಿದರು ಕಣ್ರೀ ಅಂತ ಊಟದ ಹೊತ್ತಿನಲ್ಲಿ ಆಡಿಕೊಂಡರೆ ಅದು ಮೊದಲ ಮೆಟ್ಟಿಲು. ಹಾಲು ಕರೆಯುವ ಮುಂಚೆ ಒಂದೊಂದು ಮೊಲೆಯಿಂದಲೂ ಮೊದಲ ಮೂರು ನಾಲ್ಕು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಬಟ್ಟಲಿಗೆ ಬಿಟ್ಟು, ಗಟ್ಟಿ ಚೂರು ಇದೆಯೇ ಅಂತ ನೋಡಬೇಕು. ಅದನ್ನು ಅಲ್ಲೇ ಮಾಡಿ ತೋರಿಸಿದರೆ ಎರಡನೆಯ ಮೆಟ್ಟಿಲು. ಮೂರು ತಿಂಗಳಾದ ಮೇಲೆ ಬೆಳಗಿನ ಜಾವ ಐದಕ್ಕೆ ಅವರ ಕೊಟ್ಟಿಗೆಗೆ ಹೋದಾಗ ಆ ಬಟ್ಟಲು ಒದ್ದೆಯಾಗಿದ್ದರೆ ಮೂರನೆಯ ಮೆಟ್ಟಿಲು. ಗೂಡಿನಲ್ಲಿ ಧೂಳು ಹಿಡಿದು ಕೂತಿದ್ದರೆ ಮೂರನೆಯ ಮೆಟ್ಟಿಲು ಹತ್ತಿಲ್ಲ ಅಂತಲೇ ಲೆಕ್ಕ. ಬಾವು ಬಂದ ಹಸುಗಳ ಸಂಖ್ಯೆ ಇಳಿದು, ಔಷಧಿಯ ಖರ್ಚು ಕಡಿಮೆಯಾಗಿ, ಬಟವಾಡೆಯಲ್ಲಿ ನಾಲ್ಕು ಕಾಸು ಹೆಚ್ಚಿಗೆ ಬಂದರೆ ಅದು ನಾಲ್ಕನೆಯದು. ಎಲ್ಲ ಕಡೆಯೂ ಮೊದಲ ಮೆಟ್ಟಿಲನ್ನು ಅಳೆಯೋದು ಸುಲಭ. ಅದಕ್ಕೇ ಜನ ಅಲ್ಲೇ ನಿಂತುಬಿಡುತ್ತಾರೆ.

ಈಗ ಇನ್ನೊಂದು ಮಾತು. ಅಳೆಯುವಾಗ ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ತರಬೇತಿಯ ಯೋಜನೆ ಹಾಕುವಾಗ ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಯಾವ ವಿಷಯದ ಮೇಲೆ ಭಾಷಣ ಇಡಿಸೋಣ ಅಂತ ಶುರು ಮಾಡಬಾರದು. ನಮ್ಮ ಸಂಘದಲ್ಲಿ ಯಾವ ಕೆಲಸ ಕೆಡುತ್ತಿದೆ ಅಂತ ಶುರು ಮಾಡಬೇಕು. ಬೇಸಿಗೆಯಲ್ಲಿ ಸಂಜೆ ಹಾಲು ಒಡೆಯುತ್ತಿದೆ ಅನ್ನಿ. ಯಾಕೆ? ಪಾತ್ರೆ ಸರಿಯಾಗಿ ತೊಳೆದಿಲ್ಲವೇ? ಕರೆದ ಮೇಲೆ ತಡವಾಗಿ ತರುತ್ತಿದ್ದಾರೆಯೇ? ಕೆಚ್ಚಲು ತೊಳೆದು ಒರೆಸುತ್ತಿಲ್ಲವೇ? ಕಾರಣ ಹುಡುಕಿದ ಮೇಲೆ ಮತ್ತೊಂದು ಪ್ರಶ್ನೆ: ಅವರಿಗೆ ಗೊತ್ತಿಲ್ಲದೆ ಹೀಗಾಗುತ್ತಿದೆಯೋ, ಗೊತ್ತಿದ್ದೂ ಮಾಡಲು ಆಗುತ್ತಿಲ್ಲವೋ?

ಇದು ಬಹಳ ದೊಡ್ಡ ಪ್ರಶ್ನೆ. ಸದಸ್ಯರಿಗೆ ಸ್ಟೀಲ್ ಕ್ಯಾನು ಒಳ್ಳೆಯದು ಅಂತ ಗೊತ್ತಿದೆ, ಕೊಳ್ಳಲು ದುಡ್ಡಿಲ್ಲ. ಬಿಸಿನೀರಿನಲ್ಲಿ ತೊಳೆಯಬೇಕು ಅಂತ ಗೊತ್ತಿದೆ, ಸೌದೆ ಇಲ್ಲ. ಬಟ್ಟಲಲ್ಲಿ ಚೂರು ನೋಡಬೇಕು ಅಂತ ಗೊತ್ತಿದೆ, ಕೊಟ್ಟಿಗೆಯಲ್ಲಿ ಬೆಳಕಿಲ್ಲ. ಇಂಥ ಕಡೆ ಹತ್ತು ಸಲ ಭಾಷಣ ಮಾಡಿಸಿದರೂ ಹಾಲು ಒಡೆಯೋದು ನಿಲ್ಲೋದಿಲ್ಲ. ಅಲ್ಲಿ ಬೇಕಾದದ್ದು ಕ್ಯಾನು, ಬಲ್ಬು, ಒಂದಿಷ್ಟು ಸಾಲ. ತರಬೇತಿ ಬೇಕಾದ ಕಡೆ ತರಬೇತಿ, ಸಾಮಾನು ಬೇಕಾದ ಕಡೆ ಸಾಮಾನು. ಒಂದರ ಬದಲು ಇನ್ನೊಂದು ಕೊಟ್ಟರೆ ಎರಡೂ ದಂಡ.

ಇನ್ನು ಕಲಿಸುವ ಬಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಂದ ಅನುಭವಸ್ಥರು ಸೇನೆಗೆ ಹೋಗಿಬಿಟ್ಟರು. ಹೊಸಬರು, ಅವರಲ್ಲಿ ಬಹಳ ಮಂದಿ ಹೆಂಗಸರು, ಕೆಲಸಕ್ಕೆ ಬಂದರು. ಅವರಿಗೆ ಬೇಗ ಕೆಲಸ ಕಲಿಸಲು 1940ರಿಂದ 1945ರವರೆಗೆ ಸರ್ಕಾರವೇ ಒಂದು ಕಾರ್ಯಕ್ರಮ ನಡೆಸಿತು. ಯುದ್ಧ ಮುಗಿದ ಮೇಲೆ ಜಪಾನಿನವರೂ ಅದನ್ನು ಕಲಿತುಕೊಂಡರು. ಅದರ ವಿಧಾನ ನಾಲ್ಕೇ ಹೆಜ್ಜೆ. ಕಲಿಯುವವನ ಅಂಜಿಕೆ ಬಿಡಿಸಿ, ಅವನಿಗೆ ಈಗಾಗಲೇ ಎಷ್ಟು ಗೊತ್ತು ಅಂತ ಕೇಳಬೇಕು. ಕೆಲಸವನ್ನು ತುಂಡು ತುಂಡು ಮಾಡಿ ಮಾಡಿ ತೋರಿಸಬೇಕು, ಯಾಕೆ ಹಾಗೆ ಮಾಡಬೇಕು ಅಂತಲೂ ಹೇಳಬೇಕು. ಅವನ ಕೈಯಲ್ಲೇ ಮಾಡಿಸಿ, ಮಾಡುವಾಗ ಅವನ ಬಾಯಲ್ಲೇ ಕಾರಣ ಹೇಳಿಸಬೇಕು. ಆಮೇಲೆ ಒಂಟಿಯಾಗಿ ಬಿಟ್ಟು, ಆಗಾಗ ಬಂದು ನೋಡಬೇಕು. ಕಲಿಯುವವನಿಗೆ ಬರಲಿಲ್ಲ ಅಂದರೆ ಕಲಿಸಿದವನು ಸರಿಯಾಗಿ ಕಲಿಸಿಲ್ಲ ಅನ್ನುವುದು ಅವರ ನಿಲುವು. ನಮ್ಮಲ್ಲಿ ಇದಕ್ಕೆ ತಿರುವು ಮುರುವು. ಕಲಿಯದವನನ್ನೇ ದಡ್ಡ ಅಂದುಬಿಡುತ್ತೇವೆ.

ಈ ನಾಲ್ಕು ಹೆಜ್ಜೆ ನಮ್ಮ ಸಂಘಕ್ಕೆ ಈಗಲೇ ಬೇಕಾಗಿದೆ. ಸಂಘ ಹುಟ್ಟಿದ ದಿನದಿಂದ ನಮ್ಮ ಜೊತೆ ಇರುವ ಹಾಲು ಪರೀಕ್ಷಕರು ಮುಂದಿನ ವರ್ಷ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಹೊಸ ಹುಡುಗ ಬರುತ್ತಾನೆ. ಈಗೇನು ಬಿಡಿ, ಮಿಷನ್ನು ಇದೆ, ಹಾಲು ಇಟ್ಟರೆ ಫ್ಯಾಟು, ಡಿಗ್ರಿ ಎಲ್ಲಾ ತಾನೇ ಬರುತ್ತೆ ಅಂತ ಕೆಲವರು ಅನ್ನುತ್ತಾರೆ. ಮಿಷನ್ನು ತೋರಿಸುತ್ತೆ ನಿಜ. ಆದರೆ ಅದನ್ನು ದಿನಾ ತೊಳೆಯದಿದ್ದರೆ, ಆಗಾಗ ಸರಿ ಹೊಂದಿಸದಿದ್ದರೆ ಅದೂ ಸುಳ್ಳು ಹೇಳುತ್ತೆ. ಮಿಷನ್ನಿನ ಸುಳ್ಳು ಹಿಡಿಯಲು ಹಳೆಯ ಗರ್ಬರ್ ಪರೀಕ್ಷೆಯೇ ಬೇಕು. ನಳಿಕೆಗೆ ಮೊದಲು 10 ಮಿಲಿ ಗಂಧಕಾಮ್ಲ, ಆಮೇಲೆ ಪಕ್ಕದ ಗೋಡೆ ಹಿಡಿದು ನಿಧಾನವಾಗಿ 10.75 ಮಿಲಿ ಹಾಲು, ಕೊನೆಗೆ 1 ಮಿಲಿ ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ, ಕುಲುಕಿ, ತಿರುಗಿಸುವ ಯಂತ್ರಕ್ಕೆ ಇಟ್ಟು, ಮೇಲೆ ನಿಂತ ಜಿಡ್ಡನ್ನು ಓದಬೇಕು. ಇದನ್ನು ಪುಸ್ತಕ ಓದಿ ಕಲಿಯಲು ಹೋದರೆ ಕೈ ಸುಟ್ಟುಕೊಳ್ಳುತ್ತಾನೆ, ಯಾಕೆಂದರೆ ಆ ಆಮ್ಲ ಅಂಥದ್ದು.

ಇದಕ್ಕಿಂತ ಸಣ್ಣದು ಕಾಣುವ, ಆದರೆ ದೊಡ್ಡ ಪೆಟ್ಟು ಕೊಡುವ ಕೆಲಸ ಮಾದರಿ ತೆಗೆಯುವುದು. ಹಾಲನ್ನು ಚೆನ್ನಾಗಿ ಕಲಕದೆ ಮೇಲಿನಿಂದ ಮಾದರಿ ತೆಗೆದರೆ ಕೆನೆ ಬಂದು ಫ್ಯಾಟು ಜಾಸ್ತಿ ತೋರಿಸುತ್ತೆ. ತಳದಿಂದ ತೆಗೆದರೆ ಕಡಿಮೆ. ಮಿಷನ್ನು ಎಷ್ಟು ಒಳ್ಳೆಯದಾದರೂ ಕೊಟ್ಟ ಮಾದರಿಯನ್ನು ತಾನೇ ನೋಡೋದು? ಒಂದು ಕಡೆ ಸಂಘಕ್ಕೆ ನಷ್ಟ, ಇನ್ನೊಂದು ಕಡೆ ಬಡ ಹೆಂಗಸೊಬ್ಬಳ ದುಡಿಮೆಗೆ ಕತ್ತರಿ. ಸಂಘದ ಮೇಲಿನ ನಂಬಿಕೆ ನಿಂತಿರುವುದು ಆ ಕಲಕುವ ಕೈಯ ಮೇಲೆ. ನಮ್ಮ ಪರೀಕ್ಷಕರ ಕೈಯಲ್ಲಿ ಇಪ್ಪತ್ತೈದು ವರ್ಷದ ಆ ಹದ ಇದೆ. ಅವರು ಹೋಗುವ ದಿನ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರೆ ಹದವೂ ಅವರ ಜೊತೆಗೇ ಹೋಗುತ್ತೆ.

ಕಲಿತದ್ದು ಉಳಿಯಬೇಕಾದರೆ ಮತ್ತೆ ಮತ್ತೆ ತಿರುವಿ ಹಾಕಬೇಕು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮ ಮೇಲೆ ತಾವೇ ಪರೀಕ್ಷೆ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದರು: ಕಲಿತದ್ದರಲ್ಲಿ ಹೆಚ್ಚು ಭಾಗ ಮೊದಲ ಕೆಲವೇ ಗಂಟೆಗಳಲ್ಲಿ, ದಿನಗಳಲ್ಲಿ ಮರೆತುಹೋಗುತ್ತದೆ, ನಡುನಡುವೆ ಬಿಡುವು ಕೊಟ್ಟು ಮತ್ತೆ ಕಲಿತರೆ ಉಳಿಯುತ್ತದೆ. ನಮ್ಮ ಹಿರಿಯರು ಹಾಡಿ ಹಾಡಿ ರಾಗ ಅಂದದ್ದೂ ಇದನ್ನೇ. ಒಂದು ದಿನ ಎಂಟು ವಿಷಯ ಹೇಳುವುದಕ್ಕಿಂತ ಎಂಟು ವಾರ ಒಂದೊಂದು ವಿಷಯ ಹೇಳುವುದು ಲೇಸು.

ಇದಕ್ಕೆ ರೈತರದೇ ಒಂದು ಒಳ್ಳೆಯ ಉದಾಹರಣೆ ಇದೆ. ಇಂಡೋನೇಷ್ಯಾದಲ್ಲಿ 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಭತ್ತದ ರೈತರಿಗೆ ಕ್ಷೇತ್ರ ಪಾಠಶಾಲೆ ಶುರುವಾಯಿತು. ಸುಮಾರು 25 ಮಂದಿ ರೈತರು ಒಂದು ಬೆಳೆಯ ಕಾಲ ಪೂರ್ತಿ ವಾರಕ್ಕೊಂದು ಸಲ ಗದ್ದೆಯ ಬದುವಿನಲ್ಲೇ ಸೇರುವುದು, ಪೈರು ನೋಡುವುದು, ಹುಳ ಎಣಿಸುವುದು, ಔಷಧಿ ಹೊಡೆಯಬೇಕೋ ಬೇಡವೋ ತಾವೇ ತೀರ್ಮಾನಿಸುವುದು. ಅವರ ಪರೀಕ್ಷೆ ಕಾಗದದಲ್ಲಿ ಅಲ್ಲ. ಗದ್ದೆಯಲ್ಲೇ ನಿಜವಾದ ಹುಳ, ನಿಜವಾದ ರೋಗದ ಗಿಡ ತೋರಿಸಿ ಪ್ರಶ್ನೆ. ಉತ್ತರಕ್ಕೆ ಬೇರೆ ಬೇರೆ ಡಬ್ಬಿ. ವೋಟು ಹಾಕಿದ ಹಾಗೆ ಚೀಟಿ ಹಾಕುವುದು. ಓದು ಬಾರದವರೂ ಪರೀಕ್ಷೆ ಕೊಡಬಹುದು. ಶುರುವಿನಲ್ಲಿ ಒಂದು ಸಲ, ಕೊನೆಯಲ್ಲಿ ಒಂದು ಸಲ. ಎರಡರ ವ್ಯತ್ಯಾಸವೇ ಕಲಿತದ್ದು. ನಮ್ಮ ಡೈರಿಯ ಜಗುಲಿಯ ಮೇಲೆ ಇದನ್ನು ಮಾಡಲು ಏನು ಖರ್ಚು? ಮೂರು ಡಬ್ಬಿ, ಒಂದು ಬಟ್ಟಲು ಕೆಟ್ಟ ಹಾಲು, ಒಂದು ಬಟ್ಟಲು ಒಳ್ಳೆಯ ಹಾಲು.

ಈಗ ಫೋನಿನ ವಿಷಯ. 2020ರಲ್ಲಿ ಕೊರೋನಾ ಬಂದಾಗಿನಿಂದ ಎಲ್ಲಾ ತರಬೇತಿಯೂ ಮೊಬೈಲಿಗೆ ಬಂದಿದೆ. ಬಸ್ ಚಾರ್ಜಿಲ್ಲ, ಹಸು ಬಿಟ್ಟು ಹೋಗುವ ಹಾಗಿಲ್ಲ, ಬೇಕೆಂದಾಗ ಮತ್ತೆ ನೋಡಬಹುದು. ಇದೆಲ್ಲ ಒಳ್ಳೆಯದೇ. ಆದರೆ ಫೋನಿನಲ್ಲಿ ಶುರು ಮಾಡೋದು ಸುಲಭ, ಮುಗಿಸೋದು ಕಷ್ಟ. ಹಾರ್ವರ್ಡ್, ಎಂಐಟಿಯಂಥ ದೊಡ್ಡ ವಿಶ್ವವಿದ್ಯಾಲಯಗಳು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ತೆರೆದ ಪಾಠಗಳನ್ನೇ ನೋಡಿ. 2019ರಲ್ಲಿ ಪ್ರಕಟವಾದ ಲೆಕ್ಕದಂತೆ 2017-18ರಲ್ಲಿ ಆ ಪಾಠಗಳಿಗೆ ಸೇರಿದ ನೂರು ಜನರಲ್ಲಿ ಮುಗಿಸಿದವರು ಸುಮಾರು ಮೂರೇ ಮಂದಿ. ಓದಿದವರ ಪಾಡೇ ಇದಾದರೆ, ಹಾಲು ಕರೆದು ಸೊಪ್ಪು ಕೊಯ್ದು ದಣಿದವರ ಪಾಡೇನು?

ಆದರೂ ದಾರಿ ಇದೆ, ಅದನ್ನು ನಮ್ಮ ನಾಡೇ ತೋರಿಸಿದೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಡಿಜಿಟಲ್ ಗ್ರೀನ್ ಎಂಬ ಕೆಲಸ ಶುರುವಾಯಿತು. ಕರ್ನಾಟಕದ ಹಳ್ಳಿಗಳಲ್ಲಿ ರೈತರದೇ ವಿಡಿಯೋ ತೆಗೆದು ಅಕ್ಕಪಕ್ಕದ ರೈತರಿಗೆ ತೋರಿಸಿದರು. ಅದರ ಗುಟ್ಟು ಬರೀ ವಿಡಿಯೋದಲ್ಲಿ ಇರಲಿಲ್ಲ. ಊರಿನವರೇ ಒಬ್ಬರು ಟಿವಿಯ ಪಕ್ಕ ನಿಂತು ನಡುನಡುವೆ ನಿಲ್ಲಿಸಿ, ಏನು ಕಂಡಿರಿ, ನಿಮ್ಮ ಹೊಲದಲ್ಲಿ ಆಗುತ್ತಾ ಅಂತ ಕೇಳುತ್ತಿದ್ದರು. ಯಾರು ಯಾರು ಮಾಡಿದರು ಅಂತ ಆಮೇಲೆ ಹೋಗಿ ನೋಡುತ್ತಿದ್ದರು. ಹಳೆಯ ರೀತಿಯ ಭೇಟಿ ತರಬೇತಿಗಿಂತ ಹೊಸ ಪದ್ಧತಿ ಹಿಡಿದವರು ಏಳು ಪಟ್ಟು ಹೆಚ್ಚು ಅಂತ ಅವರ ಪ್ರಯೋಗದಲ್ಲಿ ಕಂಡುಬಂತು. ಫೋನು ಕಲಿಸೋದಿಲ್ಲ ಸ್ವಾಮಿ, ಫೋನು ಹಿಡಿದ ಮನುಷ್ಯ ಕಲಿಸುತ್ತಾನೆ.

ಆದ್ದರಿಂದ ನಮ್ಮ ವಿಡಿಯೋ ಎರಡು ಮೂರು ನಿಮಿಷದ್ದಿರಲಿ. ಒಂದರಲ್ಲಿ ಒಂದೇ ವಿಷಯ. ನಮ್ಮೂರಿನ ಕೊಟ್ಟಿಗೆ, ನಮ್ಮೂರಿನ ಹಸು, ನಮ್ಮೂರಿನ ಮಾತು. ಹೆಬ್ಬೆರಳು ಮಡಚಿ ಒತ್ತಿ ಕರೆಯಬಾರದು, ಪೂರ್ತಿ ಅಂಗೈಯಲ್ಲಿ ಹಿಡಿದು ಕರೆಯಬೇಕು ಅನ್ನುವುದು ಒಂದು. ಕರೆದ ಮೇಲೆ ಮೊಲೆತೊಟ್ಟಿನ ದ್ವಾರ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ, ಅದಕ್ಕೇ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಮೇವು ಹಾಕಿ ಅರ್ಧ ಗಂಟೆ ಹಸು ಮಲಗದಂತೆ ನೋಡಿಕೊಳ್ಳಬೇಕು ಅನ್ನುವುದು ಇನ್ನೊಂದು. ಅದನ್ನು ಗ್ರೂಪಿಗೆ ಹಾಕಿ ಕೈ ತೊಳೆದುಕೊಳ್ಳಬಾರದು. ನೀಲಿ ಗುರುತು ಬಂತು ಅಂದರೆ ನೋಡಿದರು ಅಂತಷ್ಟೇ ಅರ್ಥ, ಮಾಡಿದರು ಅಂತಲ್ಲ.

ಇಲ್ಲಿ ತಾಯಂದಿರ ಮಾತು ಹೇಳದೆ ಹೋದರೆ ತಪ್ಪಾಗುತ್ತೆ. ನಮ್ಮ ಮನೆಗಳಲ್ಲಿ ಹಾಲು ಕರೆಯೋರು ಯಾರು? ಪಾತ್ರೆ ತೊಳೆಯೋರು ಯಾರು? ಹೆಚ್ಚಿನಂಶ ಹೆಂಗಸರು. ತರಬೇತಿಗೆ ಹೋಗೋರು ಯಾರು? ಪಾಸ್ ಬುಕ್ಕಿನಲ್ಲಿ ಹೆಸರಿರುವ ಯಜಮಾನರು. ಫೋನು ಇರೋದೂ ಅವರ ಜೇಬಿನಲ್ಲೇ. ಕೈ ಒಬ್ಬರದು, ತರಬೇತಿ ಇನ್ನೊಬ್ಬರಿಗೆ. ಹೀಗಾದರೆ ಮೂರನೆಯ ಮೆಟ್ಟಿಲು ಹತ್ತೋರು ಯಾರು? ತರಬೇತಿಯ ಹೊತ್ತು ಅವರ ಹೊತ್ತಿಗೆ ಹೊಂದಬೇಕು. ಮಧ್ಯಾಹ್ನ ಎರಡರಿಂದ ಮೂರು, ಬೀದಿಯ ಒಂದು ಮನೆಯ ಜಗುಲಿ, ಹತ್ತು ಹನ್ನೆರಡು ಮಂದಿ. ಅಷ್ಟು ಸಾಕು.

ಫಲ ಅಳೆಯಲು ನಮ್ಮ ಹತ್ತಿರ ಒಳ್ಳೆಯ ಸಾಧನವೇ ಇದೆ. ಶೀತಲ ಕೇಂದ್ರದಲ್ಲಿ ಮಾಡುವ ನೀಲಿ ಬಣ್ಣದ ಪರೀಕ್ಷೆ, ಎಂಬಿಆರ್‌ಟಿ ಅಂತಾರಲ್ಲ ಅದು. ಹಾಲಿಗೆ ಮೆಥಿಲೀನ್ ನೀಲಿ ಹಾಕಿ 37 ಡಿಗ್ರಿ ಶಾಖದಲ್ಲಿ ಇಟ್ಟರೆ, ಸೂಕ್ಷ್ಮಜೀವಿಗಳು ಹೆಚ್ಚಿದ್ದಷ್ಟೂ ಬಣ್ಣ ಬೇಗ ಹೋಗುತ್ತೆ. ಐದು ಗಂಟೆ ನಿಂತರೆ ಬಹಳ ಒಳ್ಳೆಯ ಹಾಲು, ಅರ್ಧ ಗಂಟೆಯೊಳಗೆ ಹೋದರೆ ಕೆಟ್ಟದ್ದು. ತರಬೇತಿಗೆ ಮುಂಚೆ ಬೀದಿವಾರು ಒಂದು ಸಲ, ತಿಂಗಳಾದ ಮೇಲೆ ಒಂದು ಸಲ, ಆರು ತಿಂಗಳಿಗೆ ಒಂದು ಸಲ ಮಾಡಿಸಿದರೆ ಹಾಲೇ ಉತ್ತರ ಹೇಳುತ್ತೆ.

ಆದರೆ ಅಳತೆಯಲ್ಲಿ ಎರಡು ಎಚ್ಚರ. ಏಪ್ರಿಲ್ ತಿಂಗಳ ಹಾಲನ್ನು ಡಿಸೆಂಬರ್ ಹಾಲಿನ ಜೊತೆ ಹೋಲಿಸಿ ತರಬೇತಿಯಿಂದ ಸುಧಾರಿಸಿತು ಅನ್ನಬಾರದು, ಅದು ಚಳಿಯ ಪುಣ್ಯ. ಹೋದ ಏಪ್ರಿಲ್‌ಗೆ ಈ ಏಪ್ರಿಲ್ ಹೋಲಿಸಬೇಕು, ಇಲ್ಲವೇ ತರಬೇತಿ ಆದ ಬೀದಿಗೆ ಇನ್ನೂ ಆಗದ ಬೀದಿಯನ್ನು ಹೋಲಿಸಬೇಕು. ಇನ್ನೊಂದು, ಬಾವಿಗೆ ಔಷಧಿ ಕೊಟ್ಟ ಹಸುವಿನ ಹಾಲು ಬೆರೆತರೆ ಆ ಔಷಧಿಯೇ ಸೂಕ್ಷ್ಮಜೀವಿಗಳನ್ನು ತಡೆದು ಬಣ್ಣ ಹೆಚ್ಚು ಹೊತ್ತು ನಿಲ್ಲಬಹುದು. ಪರೀಕ್ಷೆಯಲ್ಲಿ ಒಳ್ಳೆಯ ಹಾಲು, ಮಗುವಿನ ಬಾಯಿಗೆ ಕೆಟ್ಟ ಹಾಲು. ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೆ ಹಾಕದೆ ಇರುವುದೂ ತರಬೇತಿಯ ಫಲವೇ, ಅದನ್ನು ಬೇರೆಯಾಗಿಯೇ ನೋಡಬೇಕು.

ಕೊಟ್ಟಿಗೆಗೆ ನೋಡಲು ಹೋಗುವವರು ಪೊಲೀಸರ ಹಾಗೆ ಹೋಗಬಾರದು. ದಂಡ ಹಾಕುತ್ತಾರೆ ಅನ್ನಿಸಿದರೆ ಆ ದಿನ ಮಾತ್ರ ಬಟ್ಟಲು ಹೊರಗೆ ಬರುತ್ತೆ. ಏನು ಕಷ್ಟವಾಯ್ತಮ್ಮ ಅಂತ ಕೇಳಿಕೊಂಡು ಹೋಗಬೇಕು. ಅವರು ಹೇಳುವ ಕಷ್ಟದಲ್ಲೇ ಮುಂದಿನ ತರಬೇತಿಯ ವಿಷಯ ಇರುತ್ತದೆ.

ಆದಕಾರಣ ಈ ಬೆಳ್ಳಿ ಹಬ್ಬದ ನೆನಪಿಗೆ ಆಡಳಿತ ಮಂಡಳಿ ಮತ್ತು ಸದಸ್ಯರ ಮುಂದೆ ಮೂರು ಬೇಡಿಕೆ ಇಡುತ್ತೇವೆ. ಒಂದು, ಹೊಸ ಪರೀಕ್ಷಕನನ್ನು ಹಳೆಯವರು ಹೋಗುವ ಮೊದಲೇ ನೇಮಿಸಿ, ಆರು ತಿಂಗಳು ಇಬ್ಬರೂ ಜೊತೆಯಲ್ಲಿ ನಿಲ್ಲಲಿ. ಆರು ತಿಂಗಳ ಸಂಬಳ ಹೆಚ್ಚುವರಿ ಅಂತ ಯಾರೂ ಗೊಣಗಬೇಡಿ, ಅದು ಇಪ್ಪತ್ತೈದು ವರ್ಷದ ಹದಕ್ಕೆ ಕೊಡುವ ಬೆಲೆ. ಎರಡು, ಬೀದಿಗೊಬ್ಬ ತಾಯಿಯನ್ನು ಕಲಿಸುವವರನ್ನಾಗಿ ಆರಿಸಿ, ಅವರಿಗೆ ಗೌರವಧನ ಕೊಡೋಣ. ಮೂರು, ಮುಂದಿನ ವಾರ್ಷಿಕ ಮಹಾಸಭೆಯ ವರದಿಯಲ್ಲಿ ಎಷ್ಟು ಮಂದಿ ತರಬೇತಿಗೆ ಬಂದರು ಅನ್ನುವ ಸಾಲಿನ ಕೆಳಗೆ ಇನ್ನೊಂದು ಸಾಲು ಇರಲಿ: ಆರು ತಿಂಗಳ ಮೇಲೆ ಎಷ್ಟು ಮನೆಯಲ್ಲಿ ಮಾಡುತ್ತಿದ್ದಾರೆ, ಹಾಲು ಎಷ್ಟು ಸುಧಾರಿಸಿತು. ಆ ಸಾಲಿನಲ್ಲಿ ಸೊನ್ನೆ ಬಂದರೂ ಸೊನ್ನೆಯನ್ನೇ ಬರೆಯಲಿ. ಸೊನ್ನೆ ಕಂಡರೆ ತಾನೇ ಸರಿ ಮಾಡಲು ಮನಸ್ಸು ಬರೋದು?

ನಮ್ಮ ಮಾತಿನಲ್ಲಿ ಹೆಚ್ಚು ಕಡಿಮೆ ಇದ್ದರೆ ಹಿರಿಯರು ಮನ್ನಿಸಬೇಕು.  ಸಂಜೆ ಹಾಲಿನ ಹೊತ್ತಾಯಿತು, ತಾಯಂದಿರು ಏಳುತ್ತಿದ್ದಾರೆ. ಇಲ್ಲಿಗೆ ಮುಗಿಸುತ್ತೇವೆ.

ಜೈ ಸಹಕಾರ.